ಕಡಲ ದಡದಲ್ಲಿ ಬುತ್ತಿ ಬಿಚ್ಚುವ ಮುನ್ನ

ಮಕ್ಕಳ ಶಾಲೆಗಳಿಗೆ ರಜೆ ಬಂತೆಂದರೆ ಮನೆಮನೆಯಲ್ಲಿಯೂ ಪ್ರವಾಸದ ಮಾತು ಏಳುತ್ತದೆ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕಡಲೆಂಬುದು ಪಠ್ಯಪುಸ್ತಕದ ಚಿತ್ರ. ಅದನ್ನು ಕಣ್ಣಾರೆ ಕಾಣಬೇಕೆಂಬ ಅವರ ಹಂಬಲ ಸಹಜವಾದುದು. ಗೊಂಬೆಗಳಿಗೆ ಹೆಸರಾದ ನಮ್ಮ ಕಿನ್ನಾಳದಿಂದಲೂ, ಸುತ್ತಲಿನ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಗಳಿಂದಲೂ ಗೋಕರ್ಣ, ಮುರುಡೇಶ್ವರ, ಕಾರವಾರಗಳಿಗೆ ಹೊರಡುವ ಕುಟುಂಬಗಳು ಎಷ್ಟೋ ಇವೆ. ವಾಹನ ಯಾವುದು, ವಸತಿ ಎಲ್ಲಿ ಎಂಬುದನ್ನೆಲ್ಲ ಮೊದಲೇ ನಿಶ್ಚಯಿಸುವ ನಾವು ಒಂದು ಸಂಗತಿಯನ್ನು ಮಾತ್ರ ಅಲ್ಲಿಗೆ ಹೋದ ಮೇಲೆ ನೋಡಿದರಾಯಿತೆಂದು ಬಿಟ್ಟುಬಿಡುತ್ತೇವೆ. ಅದು ಮಧ್ಯಾಹ್ನದ ಊಟ. ಈ ಸಲದ ಅಂಕಣದಲ್ಲಿ ಆ ಕುರಿತು ನಾಲ್ಕು ಮಾತು ಬರೆಯಬಯಸುತ್ತೇವೆ. ಊಟದ ವಿಷಯವೇ ಎಂದು ವಾಚಕರು ಹಗುರವಾಗಿ ಎಣಿಸಬಾರದೆಂದು ವಿನಂತಿ. ಕಡಲ ದಡದಲ್ಲಿ ಊಟಕ್ಕೆ ಎಲ್ಲಿ ಕುಳಿತುಕೊಳ್ಳುತ್ತೇವೆ, ಯಾವಾಗ ಕುಳಿತುಕೊಳ್ಳುತ್ತೇವೆ ಎಂಬುದರೊಡನೆ ಮಕ್ಕಳ ಜೀವವೂ ತಾಯಂದಿರ ನೆಮ್ಮದಿಯೂ ಕೂಡಿಕೊಂಡಿವೆ.

ಮೊದಲು ದಾರಿಯ ಲೆಕ್ಕವನ್ನು ನೋಡೋಣ. ಕೊಪ್ಪಳದಿಂದ ಗದಗಿನ ಮೇಲೆ ಹುಬ್ಬಳ್ಳಿಗೆ ಸುಮಾರು 115 ಕಿಲೋಮೀಟರು. ಅಲ್ಲಿಂದ ಕಲಘಟಗಿ, ಯಲ್ಲಾಪುರಗಳನ್ನು ಹಾಯ್ದು ಅರಬೈಲು ಘಟ್ಟವಿಳಿದು ಅಂಕೋಲಾ ಸೇರಲು ಮತ್ತೆ ಅಷ್ಟೇ ದೂರ, ತುಸು ಹೆಚ್ಚು. ನಸುಕಿನಲ್ಲಿ ಐದು ಗಂಟೆಗೆ ಊರು ಬಿಟ್ಟವರು ನಡುವೆ ಉಪಾಹಾರಕ್ಕೆ ನಿಂತು, ಘಟ್ಟದ ತಿರುವುಗಳಲ್ಲಿ ನಿಧಾನವಾಗಿ ಇಳಿದು ಕಡಲನ್ನು ಕಾಣುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬಂದಿರುತ್ತಾನೆ. ಅಂದರೆ ನಮ್ಮ ಕಡೆಯವರಿಗೆ ಕಡಲೂ ಹಸಿವೂ ಒಂದೇ ಗಳಿಗೆಯಲ್ಲಿ ಎದುರಾಗುತ್ತವೆ. ಹಿರಿಯರು ದಣಿದಿರುತ್ತಾರೆ, ವಾಹನದಿಂದ ಇಳಿದ ಮಕ್ಕಳು ನೀರಿನತ್ತ ಓಡುತ್ತಾರೆ. ತಾಯಂದಿರು ಗಂಟು ಬಿಚ್ಚುವುದರಲ್ಲಿಯೋ, ಗಂಡಸರು ಹೋಟೆಲು ಹುಡುಕುವುದರಲ್ಲಿಯೋ ತೊಡಗಿರುತ್ತಾರೆ. ಮಕ್ಕಳ ಮೇಲೆ ಯಾರ ಕಣ್ಣೂ ಇಲ್ಲದ ಗಳಿಗೆ ಅದೇ.

2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಅಸುನೀಗಿದರು. ಅವರೂ ನಮ್ಮ ಮಕ್ಕಳಂತೆಯೇ ಬಯಲುಸೀಮೆಯವರು, ಕಡಲಿಗೆ ಹೊಸಬರು. ಬಾವಿ, ಹಳ್ಳ, ಕಾಲುವೆಗಳಲ್ಲಿ ಈಜು ಕಲಿತವನಿಗೂ ಕಡಲು ಬೇರೆಯೇ ಆದ ನೀರು. ತೆರೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಯಾದರೂ ಹಿಂದಿರುಗಲೇಬೇಕಲ್ಲವೆ? ಅದು ಇಕ್ಕಟ್ಟಾದ ಒಂದು ಜಾಡನ್ನು ಮಾಡಿಕೊಂಡು ಬಲವಾಗಿ ಒಳಗೆ ಸೆಳೆಯುತ್ತದೆ. ಆ ಜಾಡಿನಲ್ಲಿ ತೆರೆ ಒಡೆಯುವುದು ಕಡಿಮೆಯಾದ್ದರಿಂದ ನೋಡುವವರಿಗೆ ಅದೇ ಶಾಂತವಾದ ಸ್ಥಳವೆಂದು ತೋರುತ್ತದೆ. ಅದರಲ್ಲಿ ಸಿಕ್ಕವರು ದಡದತ್ತಲೇ ಎದುರೀಜಿದರೆ ಸೋತುಹೋಗುತ್ತಾರೆ. ದಡಕ್ಕೆ ಸಮನಾಗಿ ಅಡ್ಡಲಾಗಿ ಈಜಿ, ಸೆಳವಿನಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು. ಇದನ್ನು ಪ್ರತಿಯೊಂದು ಮನೆಯಲ್ಲಿಯೂ ಹೊರಡುವ ಹಿಂದಿನ ರಾತ್ರಿಯೇ ಮಕ್ಕಳಿಗೆ ತಿಳಿಸಿ ಹೇಳತಕ್ಕದ್ದು.

ಆದಕಾರಣ ನಮ್ಮ ಮೊದಲನೆಯ ಸಲಹೆ: ಕಡಲನ್ನು ಮುಟ್ಟುವ ಮುನ್ನ ಊಟ ಮುಗಿಯಲಿ. ಊಟ ಊರೊಳಗೆ, ನೆರಳಿನಲ್ಲಿ, ಕುಡಿಯುವ ನೀರು ಮತ್ತು ಶೌಚಾಲಯ ಇರುವಲ್ಲಿ ಆಗಲಿ. ಉಂಡು ಒಂದೆರಡು ತಾಸು ವಿಶ್ರಮಿಸಿ, ಬಿಸಿಲು ಇಳಿದ ಮೇಲೆ ನಾಲ್ಕು ಗಂಟೆಯ ಸುಮಾರಿಗೆ ಮಕ್ಕಳ ಕೈಹಿಡಿದು ದಡಕ್ಕೆ ಹೋದರೆ ದಣಿವೂ ಇರುವುದಿಲ್ಲ, ಹಸಿವಿನ ಗಡಿಬಿಡಿಯೂ ಇರುವುದಿಲ್ಲ. ಹಿರಿಯರಲ್ಲಿ ಒಬ್ಬರು ಬೇರಾವ ಕೆಲಸವನ್ನೂ ಹಚ್ಚಿಕೊಳ್ಳದೆ ಮಕ್ಕಳನ್ನು ನೋಡುತ್ತಲೇ ಇರಬೇಕು. ಒಂದೇ ದಿನದಲ್ಲಿ ಹೋಗಿ ಬರುವ ಸಾಹಸವನ್ನು ಬಿಟ್ಟು ಒಂದು ರಾತ್ರಿ ಅಲ್ಲಿಯೇ ತಂಗುವುದು ಲೇಸು.

ಇನ್ನು ಉಣ್ಣುವುದೇನನ್ನು? ನಮ್ಮ ಹಿರಿಯರು ದೂರದ ಜಾತ್ರೆಗಳಿಗೆ ಕಟ್ಟಿಕೊಂಡು ಹೋಗುತ್ತಿದ್ದ ಬುತ್ತಿಗಿಂತ ಉತ್ತಮವಾದುದನ್ನು ನಾವು ಕಾಣೆವು. ಕಡಕ್ ರೊಟ್ಟಿಯಲ್ಲಿ ನೀರಿನಂಶ ಆರಿಹೋಗಿರುವುದರಿಂದ ಅದು ದಿನಗಟ್ಟಲೆ ಕೆಡದು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳೂ ಒಣ ಪದಾರ್ಥಗಳೇ. ಮಾದಲಿ, ಶೇಂಗಾ ಹೋಳಿಗೆ, ಉಂಡಿಗಳು ಮಕ್ಕಳಿಗೆ ಪ್ರಿಯವಾದವು. ಆದರೆ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಅಲ್ಲಿ ಕಡಕ್ ರೊಟ್ಟಿ ತೆರೆದಿಟ್ಟರೆ ಬೇಗನೆ ಮೆತ್ತಗಾಗುತ್ತದೆ. ಅರಿವೆಯಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು ಉಣ್ಣುವಾಗಲಷ್ಟೇ ತೆಗೆಯಬೇಕು. ಮೊಸರು ಬುತ್ತಿಯನ್ನು ಹುಳಿಮೊಸರಿನಲ್ಲಿ ಕಲಸದೆ, ಕಾಸಿ ಆರಿಸಿದ ಹಾಲಿನಲ್ಲಿ ಕಲಸಿ ಒಂದು ಚಮಚೆ ಮೊಸರು ಸೇರಿಸಿದರೆ ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ. ಎಣ್ಣೆಗಾಯಿ ಮೊದಲಾದ ಪಲ್ಯಗಳನ್ನು ಆ ಹೊತ್ತಿಗೇ ಮುಗಿಸಬೇಕು, ರಾತ್ರಿಗೆ ಉಳಿಸಿಕೊಳ್ಳಬಾರದು.

ಬುತ್ತಿಯನ್ನು ಹೊಗಳುವಾಗ ಅದನ್ನು ಕಟ್ಟುವ ಕೈಗಳನ್ನು ಮರೆಯುವುದು ನ್ಯಾಯವಲ್ಲ. ಐದು ಗಂಟೆಗೆ ಹೊರಡುವ ಪ್ರವಾಸಕ್ಕೆ ಮನೆಯ ತಾಯಿ ಎರಡು ಗಂಟೆಗೇ ಏಳುತ್ತಾಳೆ. ಘಟ್ಟದ ದಾರಿಯಲ್ಲಿ ಎಲ್ಲರೂ ಹಸುರು ನೋಡುವಾಗ ಆಕೆ ತೂಕಡಿಸುತ್ತಾಳೆ. ದಡ ಸೇರಿದ ಮೇಲೆ ಎಲ್ಲರೂ ತೆರೆ ನೋಡುವಾಗ ಆಕೆ ತಟ್ಟೆ ಹಾಕುತ್ತಾಳೆ. ಹೀಗಾದರೆ ಮನೆಯ ಅಡುಗೆಮನೆಯೇ ದಡಕ್ಕೆ ಹೋಯಿತೆನ್ನಬೇಕೇ ಹೊರತು ಆಕೆಗೆ ಪ್ರವಾಸ ಆಯಿತೆನ್ನಲಾಗದು. ರೊಟ್ಟಿ, ಹಿಂಡಿಗಳನ್ನು ಮೂರು ದಿನ ಮೊದಲೇ ಮಾಡಿಡಬಹುದು. ಗಂಡಸರೂ ಮಕ್ಕಳೂ ಕೈಗೂಡಿಸಬಹುದು. ಬುತ್ತಿ ಒಂದು ಹೊತ್ತಿಗೆ ಸಾಕು, ಉಳಿದ ಹೊತ್ತುಗಳನ್ನು ಅಲ್ಲಿಯ ಊಟಕ್ಕೆ ಬಿಡೋಣ. ಬಡಿಸುವ ಕೆಲಸ ಆ ದಿನವಾದರೂ ಮನೆಯ ಯಜಮಾನನದಾಗಲಿ. ಕಾಯಕಕ್ಕೆ ಮೇಲುಕೀಳಿಲ್ಲವೆಂದು ಸಾರಿದ ಶರಣರ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲವೆಂದು ನಂಬಿದ್ದೇವೆ.

ಇನ್ನು ಸ್ಥಳಗಳ ವಿಚಾರ. ಗೋಕರ್ಣದಲ್ಲಿ ಮಹಾಬಲೇಶ್ವರ ದೇವಾಲಯ, ರಥಬೀದಿ, ಊರಿನ ಮುಖ್ಯ ಕಡಲತೀರ ಇವು ಮೂರೂ ಕಾಲ್ನಡಿಗೆಯ ಅಂತರದಲ್ಲಿವೆ. ದೇವಾಲಯದಲ್ಲಿ ಭಕ್ತರಿಗೆ ಪ್ರಸಾದ ಭೋಜನದ ಏರ್ಪಾಡು ಇದೆ. ಹೋದೊಡನೆ ಅದರ ವೇಳೆಯನ್ನು ವಿಚಾರಿಸಿಕೊಳ್ಳಬೇಕು. ರಥಬೀದಿಯ ಸುತ್ತಮುತ್ತ ಸಸ್ಯಾಹಾರಿ ಊಟದ ಮನೆಗಳಿವೆ. ಹಿರಿಯರೂ ಚಿಕ್ಕಮಕ್ಕಳೂ ಇರುವ ಕುಟುಂಬಗಳಿಗೆ ಇದಕ್ಕಿಂತ ಅನುಕೂಲವಾದ ತಾಣ ಆ ಕಡೆಯಲ್ಲಿ ವಿರಳ. ಓಂಕಾರದ ಆಕಾರದ ಓಂ ಕಡಲತೀರ, ಕುಡ್ಲೆ ತೀರಗಳು ನೋಡಲು ರಮ್ಯವಾಗಿವೆ. ಆದರೆ ಅಲ್ಲಿಯ ಉಪಾಹಾರಗೃಹಗಳು ಬಹುಮಟ್ಟಿಗೆ ಹೊರನಾಡಿನ, ಹೊರದೇಶದ ಪ್ರವಾಸಿಗಳ ರುಚಿಗೆ ಹೊಂದಿಕೊಂಡವು. ಓಂ ತೀರದ ಬಂಡೆಗಳ ಮೇಲೆ ಪಾಚಿ ಜಾರುತ್ತದೆ. ಆದ್ದರಿಂದ ಊರೊಳಗೆ ಉಂಡು, ಆ ತೀರಗಳನ್ನು ಸಂಜೆ ನೋಡಿ ಬರುವುದು ಜಾಣತನ.

ಗೋಕರ್ಣದಿಂದ ದಕ್ಷಿಣಕ್ಕೆ ಹೊರಟರೆ ಹೊನ್ನಾವರದ ಬಳಿ ಕಾಸರಕೋಡು ಕಡಲತೀರ ಸಿಗುತ್ತದೆ. ಶುಚಿತ್ವ, ನೀರಿನ ಗುಣ, ಸುರಕ್ಷತೆ ಮೊದಲಾದ 33 ಮಾನದಂಡಗಳನ್ನು ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆಯನ್ನು 2020ರಲ್ಲಿ ಭಾರತದ ಎಂಟು ತೀರಗಳು ಪಡೆದವು. ಅವುಗಳಲ್ಲಿ ನಮ್ಮ ರಾಜ್ಯದವು ಎರಡು, ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಅಂಥ ತೀರದಲ್ಲಿ ಜೀವರಕ್ಷಕರು, ಶೌಚಾಲಯ, ಸ್ನಾನದ ವ್ಯವಸ್ಥೆಗಳು ಇರಬೇಕೆಂಬುದು ಆ ಮಾನ್ಯತೆಯ ಕಟ್ಟಳೆ. ಮಕ್ಕಳನ್ನು ನೀರಿಗಿಳಿಸುವುದೇ ಆದರೆ ಇಂಥಲ್ಲಿ ಇಳಿಸುವುದು ಮೇಲು. ಬುತ್ತಿಯನ್ನು ಎಲ್ಲಿ ಬಿಚ್ಚಬಹುದೆಂಬುದನ್ನು ದ್ವಾರದಲ್ಲಿಯೇ ಕೇಳಿಕೊಳ್ಳಿರಿ.

ಇನ್ನೂ ಮುಂದೆ ಮುರುಡೇಶ್ವರ. ಮೂರು ಕಡೆ ನೀರಿನಿಂದ ಸುತ್ತುವರಿದ ಕಂದುಕ ಗಿರಿ, 123 ಅಡಿ ಎತ್ತರದ ಶಿವನ ಮೂರ್ತಿ, 20 ಅಂತಸ್ತಿನ ರಾಜಗೋಪುರಗಳಿಂದ ಅದು ಎಲ್ಲರಿಗೂ ಪರಿಚಿತ. ಕಡಲನ್ನು ನೋಡುತ್ತ ಕುಳಿತು ಸಸ್ಯಾಹಾರ ಉಣ್ಣುವ ಆಸೆ ಈಡೇರುವ ಊರು ಅದು. ರಜೆಯ ದಿನಗಳಲ್ಲಿ ಅಲ್ಲಿ ಜನಜಂಗುಳಿ ವಿಪರೀತ. ಹನ್ನೆರಡಕ್ಕೆ ಮುಂಚೆಯೇ ಊಟಕ್ಕೆ ಕುಳಿತವರಿಗೆ ಸ್ಥಳವೂ ಸಿಗುತ್ತದೆ, ಅಡುಗೆಯೂ ಬಿಸಿಯಾಗಿರುತ್ತದೆ. ಉತ್ತರದತ್ತ ಕಾರವಾರಕ್ಕೆ ಹೋಗುವವರಿಗೆ ರವೀಂದ್ರನಾಥ ಠಾಕೂರರ ಹೆಸರಿನ ಕಡಲತೀರ ಪೇಟೆಗೆ ಹೊಂದಿಕೊಂಡೇ ಇದೆಯಾದ್ದರಿಂದ ಪೇಟೆಯಲ್ಲಿ ಉಂಡು ನಡೆದು ಹೋಗಬಹುದು.

ಊಟದ ಮನೆಯಲ್ಲಿ ಸಂಕೋಚವಿಲ್ಲದೆ ಕೇಳಿ ತಿಳಿದುಕೊಳ್ಳಬೇಕಾದ ಸಂಗತಿಗಳೂ ಉಂಟು. ಕರಾವಳಿಯಲ್ಲಿ ಊಟವೆಂದರೆ ಅನೇಕ ಕಡೆ ಮೀನಿನ ಊಟ. ಸಸ್ಯಾಹಾರಿಗಳಾದ ನಾವು ಫಲಕವನ್ನು ನೋಡಿಕೊಂಡು ಒಳಹೋಗಬೇಕು, ಸಂಶಯವಿದ್ದರೆ ವಿನಯದಿಂದ ವಿಚಾರಿಸಬೇಕು. ಆದರೆ ದಡದಲ್ಲಿ ಬಲೆ ಒಣಗಿಸುವವರನ್ನು ಕಂಡು ಮೂಗು ಮುಚ್ಚಿಕೊಳ್ಳುವುದು ಸಲ್ಲದು. ತೆರೆಯೊಡನೆ ಹೋರಾಡಿ ಅನ್ನ ಗಳಿಸುವುದು ಅವರ ಕಾಯಕ. ನೀರಿನ ಗುಣವನ್ನು ಅವರಷ್ಟು ಬಲ್ಲವರು ಇನ್ನಿಲ್ಲ. ಇಲ್ಲಿ ಇಳಿಯಬೇಡಿರೆಂದು ಅವರು ಹೇಳಿದರೆ ಮರುಮಾತಿಲ್ಲದೆ ಕೇಳಬೇಕು. ಊಟಕ್ಕೆ ಕೆಂಪು ಕುಚ್ಚಲಕ್ಕಿಯ ಅನ್ನವೋ ಬಿಳಿಯ ಅನ್ನವೋ ಎಂದು ಮೊದಲೇ ಕೇಳಿದರೆ ಹಿರಿಯರಿಗೆ ಅನುಕೂಲ. ರೊಟ್ಟಿ ಇಲ್ಲವೆಂದು ಗೊಣಗುವುದಕ್ಕಿಂತ ಆ ನೆಲದ ತಂಬುಳಿ, ಅಪ್ಪೆಹುಳಿಗಳನ್ನು ಒಮ್ಮೆ ರುಚಿ ನೋಡಬೇಕು. ಪರಸ್ಥಳದ ಅನ್ನವನ್ನು ಗೌರವದಿಂದ ಉಣ್ಣುವುದನ್ನೂ ಪ್ರವಾಸ ಮಕ್ಕಳಿಗೆ ಕಲಿಸಲಿ.

ರೊಟ್ಟಿಯ ಮಾತು ಬಂದುದರಿಂದ ಇನ್ನೊಂದು ಸ್ವಾರಸ್ಯವನ್ನು ಹೇಳಬಹುದು. ಕೆರಿಬಿಯನ್ ಕಡಲಿನಲ್ಲಿ ಟ್ರಿನಿಡಾಡ್ ಎಂಬ ದ್ವೀಪವಿದೆ. ಅಲ್ಲಿಯ ಕಬ್ಬಿನ ತೋಟಗಳಲ್ಲಿ ದುಡಿಯಲು ಕರಾರಿನ ಮೇಲೆ ಹೋದ ಭಾರತೀಯರ ಮೊದಲ ಹಡಗು ದಡ ಮುಟ್ಟಿದ್ದು 1845ರ ಮೇ 30ರಂದು. 1917ರವರೆಗೆ ಲಕ್ಷಕ್ಕೂ ಮಿಕ್ಕ ಜನ ಹಾಗೆ ಹೋದರು. ಅವರ ಸಂತತಿಯವರು ಇಂದಿಗೂ ಅದನ್ನು ರೊಟ್ಟಿಯೆಂದೇ ಕರೆಯುತ್ತಾರೆ. ಬೇಳೆ ತುಂಬಿದ ದಾಲ್‌ಪುರಿ, ಕಡಲೆಕಾಳಿನ ಪಲ್ಯ ಇಟ್ಟು ಮಡಿಸಿದ ಡಬಲ್ಸ್ ಎಂಬ ತಿನಿಸು ಇವು ಆ ದ್ವೀಪದ ಎಲ್ಲ ಜನಾಂಗದವರ ಆಹಾರವಾಗಿವೆ. ಅಲ್ಲಿಯ ಮರಾಕಸ್ ಕಡಲತೀರ ಮೀನಿನ ತಿನಿಸಿಗೇ ಹೆಸರುವಾಸಿ. ಆದರೂ ಆ ದ್ವೀಪಕ್ಕೆ ಹೋಗುವ ನಮ್ಮ ಕಡೆಯ ಸಸ್ಯಾಹಾರಿಗಳು ಹಸಿದು ಬರಬೇಕಾಗಿಲ್ಲ. ಕಡಲಾಚೆ ಒಯ್ದ ಬುತ್ತಿ ಅಲ್ಲಿಯೇ ಬೇರೂರಿದ ಬಗೆ ಇದು.

ಕಾಲದ ವಿಷಯದಲ್ಲಿಯೂ ಎಚ್ಚರ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿನ ಆಸೆಯನ್ನು ಬಿಡುವುದೇ ಸರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಕಡಲನ್ನು ಬಲ್ಲವರೇ ದಡದಲ್ಲಿರುವಾಗ ನಮಗೇನು ಅವಸರ? ದಾರಿಯೂ ಆಗ ನಂಬಿಕೆಗೆ ಯೋಗ್ಯವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯ ಚಹಾದ ಹೋಟೆಲು, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಪ್ರಯಾಣಿಕರು ಮಣ್ಣುಪಾಲಾದುದನ್ನು ನಾಡು ಮರೆತಿಲ್ಲ. ನವೆಂಬರ್‌ನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ನಮ್ಮವರಿಗೆ ಹೆಚ್ಚು ಹಿತ.

ಕೊನೆಯದಾಗಿ ಒಂದು ಮಾತು. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿಗಳು ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಯಾರ ಮನೆಯ ರೊಟ್ಟಿಯನ್ನು ಯಾರು ಉಂಡರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಅದೇ ಭಾವ ಕಡಲ ಊರಿಗೂ ನಮ್ಮೊಡನೆ ಬರಲಿ. ಬುತ್ತಿಯಲ್ಲಿ ನಾಲ್ಕು ರೊಟ್ಟಿ ಹೆಚ್ಚಿಗಿರಲಿ. ವಾಹನದ ಚಾಲಕನನ್ನು ಬೇರೆ ಕೂರಿಸದೆ ಪಂಕ್ತಿಯಲ್ಲಿಯೇ ಕೂರಿಸಿಕೊಳ್ಳೋಣ. ಉಂಡ ಎಲೆ, ಹಾಳೆ, ಪ್ಲಾಸ್ಟಿಕ್ ಚೀಲಗಳನ್ನು ಮರಳಿನಲ್ಲಿ ಹೂಳದೆ ಕಟ್ಟಿಕೊಂಡು ಬಂದು ಕಸದ ತೊಟ್ಟಿಗೆ ಹಾಕೋಣ. ಹೊರಡುವ ಮುನ್ನ ಮನೆಯವರೆಲ್ಲ ಕೂಡಿ ಎರಡೇ ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ಊಟದ ಹೊತ್ತಿನಲ್ಲಿ ಬಡಿಸುವವರು ಯಾರು? ಆ ಹೊತ್ತಿನಲ್ಲಿ ಮಕ್ಕಳನ್ನು ನೋಡುವವರು ಯಾರು? ಈ ಎರಡಕ್ಕೂ ಉತ್ತರ ದೊರೆತ ಮನೆಯವರು ಎಲ್ಲಿ ಕುಳಿತು ಉಂಡರೂ ಅದು ಒಳ್ಳೆಯ ಊಟವೇ. ಹೋದವರೆಲ್ಲರೂ ಕ್ಷೇಮವಾಗಿ ಮನೆ ಸೇರಲೆಂದು ಹಾರೈಸುತ್ತೇವೆ.