ಆ ಹುಡುಗಿ ಏನಾದಳು?

ದೀಪಾವಳಿಗೆಂದು ಬಂದಿದ್ದ ತಂಗಿಯ ಮಗಳು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ನಗು ಅಂಟುಜಾಡ್ಯ ನೋಡಿ, ಹೂರಣ ರುಬ್ಬುತ್ತಿದ್ದ ನಾನು ಕೈ ಒರೆಸಿಕೊಂಡು ಹೋಗಿ ಪಕ್ಕದಲ್ಲಿ ಕೂತೆ. "ದೊಡ್ಡಮ್ಮ, ಇದು ನೀವು ನೋಡೋವಂಥದ್ದಲ್ಲ" ಅಂದಳು. ಹಾಗೆ ಅನ್ನಿಸಿಕೊಂಡ ಮೇಲೆ ಎದ್ದು ಹೋಗುವುದುಂಟೆ?

ಅದು 'ಅಮೇರಿಕನ್ ಪೈ' ಎಂಬ 1999ರ ಚಿತ್ರ. ನಮ್ಮೂರಿಗೆ ಅದು ಆಗಲೇ ಸಿ.ಡಿ. ರೂಪದಲ್ಲಿ ಬಂದಿತ್ತು, ಅಂಗಡಿಯವನು ಹುಡುಗರಿಗೆ ಕೌಂಟರಿನ ಕೆಳಗಿನಿಂದ ತೆಗೆದು ಕೊಡುತ್ತಿದ್ದ. ಈಗ ಅದು ನಡುಮನೆಗೇ ಬಂದಿದೆ. ಕಥೆ ಇಷ್ಟೇ. ಮಿಚಿಗನ್ನಿನ ಒಂದು ಊರಿನಲ್ಲಿ ಹೈಸ್ಕೂಲಿನ ಕೊನೆಯ ವರ್ಷದ ನಾಲ್ವರು ಹುಡುಗರು. ಶಾಲೆ ಮುಗಿಯುವುದರೊಳಗೆ ತಮ್ಮ 'ಕನ್ಯತ್ವ' ಕಳೆದುಕೊಂಡೇ ತೀರಬೇಕೆಂದು ಕೈಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡುತ್ತಾರೆ. ಗಂಡಿಗೆ ಹೇಳುವಾಗ ಈ ಶಬ್ದ ಎಷ್ಟು ಬೆಪ್ಪಾಗಿ ಕೇಳಿಸುತ್ತದೆ ಗಮನಿಸಿ. ಕನ್ನಡಕ್ಕೆ ಅದರ ಅಗತ್ಯವೇ ಬಿದ್ದಿಲ್ಲ. ಆ ಕಡುಬಿನ ದೃಶ್ಯದ ಬಗ್ಗೆ ನಾನಂತೂ ಬರೆಯುವುದಿಲ್ಲ, ಗೊತ್ತಿದ್ದವರಿಗೆ ಗೊತ್ತು.

ನನ್ನ ನಗು ನಿಂತದ್ದು ಬೇರೆ ಕಡೆ. ಪರದೇಶದಿಂದ ಓದಲು ಬಂದ ನಾಡ್ಯಾ ಎಂಬ ಹುಡುಗಿ ಪಾಠಕ್ಕೆಂದು ಒಬ್ಬ ಹುಡುಗನ ಮನೆಗೆ ಬರುತ್ತಾಳೆ. ಅವನು ಕೋಣೆಯಲ್ಲಿ ಕ್ಯಾಮೆರಾ ತೆರೆದಿಟ್ಟು, ಅವಳಿಗೆ ಗೊತ್ತಿಲ್ಲದಂತೆ ಅವಳನ್ನು ಗೆಳೆಯರಿಗೆ ತೋರಿಸುತ್ತಾನೆ. ಕೈತಪ್ಪಿ ಅದು ಇಡೀ ಶಾಲೆಗೇ ಹೋಗುತ್ತದೆ. ಚಿತ್ರ ಅಲ್ಲಿ ನಗಿಸುವುದು ಹುಡುಗನ ಪೇಚಾಟವನ್ನು ತೋರಿಸಿ. ಪಾಪ, ಶಾಲೆಗೆ ಹೇಗೆ ಮುಖ ತೋರಿಸುತ್ತಾನೋ ಅನ್ನುವ ಹಾಗೆ.

"ಆ ಹುಡುಗಿ ಏನಾದಳೇ?" ಅಂದೆ.

"ಯಾವ ಹುಡುಗಿ?"

"ಅದೇ, ಪರದೇಶದವಳು."

"ಓ ಅವಳಾ? ಅವಳನ್ನ ವಾಪಸ್ ಊರಿಗೆ ಕಳಿಸಿಬಿಟ್ರು. ಅಯ್ಯೋ ದೊಡ್ಡಮ್ಮ, ಅದು ಕಾಮಿಡಿ!"

ಒಂದೇ ಮಾತು: ಕಳಿಸಿಬಿಟ್ರು. ಅವಳಿಗೆ ಸಿಟ್ಟಾದರೂ ಬಂತೇ ಎಂದರೆ ಅದೂ ಇಲ್ಲ. ಚಿತ್ರದ ಕೊನೆಯಲ್ಲಿ ಅವಳ ಸಂತೋಷಕ್ಕೆಂದೇ ಹುಡುಗ ಕ್ಯಾಮೆರಾದ ಮುಂದೆ ಕುಣಿಯುತ್ತಾನೆ. 2001ರ ಎರಡನೇ ಭಾಗದಲ್ಲಿ ಅವಳು ನಗುನಗುತ್ತ ತಿರುಗಿ ಬರುತ್ತಾಳೆ. ಇಂಥ ಹುಡುಗಿಯನ್ನು ಗಂಡಸರ ಲೇಖನಿಯಷ್ಟೇ ಹಡೆಯಲು ಸಾಧ್ಯ.

ಇಂಥ ಪೋಲಿ ಹಾಸ್ಯಚಿತ್ರಗಳನ್ನು ಕಂಡು "ಸಂಸ್ಕೃತಿ ಹಾಳಾಯಿತು" ಎಂದು ಬೊಬ್ಬೆ ಹೊಡೆಯುವವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ. ನನ್ನ ದೂರು ತದ್ವಿರುದ್ಧ. ಇವು ನಮ್ಮ ಅಜ್ಜಿಯರ ನೀತಿಯನ್ನು ಮುರಿಯುತ್ತಿಲ್ಲ, ಬಣ್ಣದ ಅಂಗಿ ತೊಡಿಸಿ ಕುಣಿಸುತ್ತಿವೆ. ಹುಡುಗ ಕಳೆದುಕೊಂಡರೆ ಅದು ಹಾಲುಹಲ್ಲು ಬಿದ್ದ ಹಾಗೆ. ದೊಡ್ಡವನಾದ, ಬೆನ್ನು ತಟ್ಟಿ. ಹುಡುಗಿ ಕಳೆದುಕೊಂಡರೆ ಸಂತೆಯಲ್ಲಿ ವಜ್ರದ ಓಲೆ ಬಿದ್ದ ಹಾಗೆ. ಊರೆಲ್ಲ ಬಗ್ಗಿ ಹುಡುಕುತ್ತದೆ, ಅಪ್ಪ ತಲೆಮೇಲೆ ಕೈಹೊತ್ತು ಕೂರುತ್ತಾನೆ. ಗಂಡಸಿಗ್ಯಾಕೆ ಗೌರಿ ದುಃಖ ಅನ್ನುವುದನ್ನೇ ಹಾಲಿವುಡ್ಡು ಇಂಗ್ಲಿಷಿನಲ್ಲಿ ಹೇಳಿ ದುಡ್ಡು ಮಾಡಿಕೊಂಡಿತು.

ಅಮೆರಿಕದವರು ಮಡಿಮೈಲಿಗೆ ಇಲ್ಲದ ಜನ ಎಂದು ನಾವು ತಿಳಿದಿದ್ದೇವಷ್ಟೆ? ಅದೇ ದಶಕದಲ್ಲಿ ಆ ದೇಶದಲ್ಲಿ ಇನ್ನೊಂದು ನಾಟಕ ನಡೆದಿತ್ತು. 1993ರಲ್ಲಿ ಅಲ್ಲಿನ ಬ್ಯಾಪ್ಟಿಸ್ಟ್ ಚರ್ಚಿನವರು ಮದುವೆಯ ತನಕ ಕನ್ಯತ್ವ ಕಾಯ್ದುಕೊಳ್ಳುತ್ತೇವೆಂದು ಹದಿಹರೆಯದವರಿಂದ ಚೀಟಿಗೆ ಸಹಿ ಹಾಕಿಸುವ ಚಳವಳಿ ಹೂಡಿದರು. ಮರುವರ್ಷ ಎರಡು ಲಕ್ಷಕ್ಕೂ ಹೆಚ್ಚು ಚೀಟಿಗಳನ್ನು ವಾಷಿಂಗ್ಟನ್ನಿನ ಬಯಲಲ್ಲಿ ನೆಟ್ಟರು. 1996ರ ಕಾನೂನಿನಲ್ಲಿ ಸರ್ಕಾರವೇ ಸಂಯಮ ಬೋಧನೆಗೆಂದು ವರ್ಷಕ್ಕೆ 5 ಕೋಟಿ ಡಾಲರ್ ತೆಗೆದಿಟ್ಟಿತು. 1998ರಲ್ಲಿ ಕೊಲರಾಡೊದಲ್ಲಿ ಅಪ್ಪಂದಿರು ಮಗಳನ್ನು ಸಿಂಗರಿಸಿ ಔತಣಕೂಟಕ್ಕೆ ಕರೆದೊಯ್ದು, ನಿನ್ನ ಶೀಲಕ್ಕೆ ನಾನು ಕಾವಲು ಎಂದು ಪ್ರಮಾಣ ಮಾಡುವ ಪದ್ಧತಿ ಶುರುವಾಯಿತು. ಮರುವರ್ಷವೇ ನಮ್ಮ ನಾಲ್ವರು ಹುಡುಗರ ಪ್ರತಿಜ್ಞೆ ಪರದೆಯ ಮೇಲೆ! ಅಲ್ಲೂ ಪ್ರತಿಜ್ಞೆ, ಇಲ್ಲೂ ಪ್ರತಿಜ್ಞೆ. ಒಬ್ಬರು ಬೀಗ ಕಾಯುವವರು, ಇನ್ನೊಬ್ಬರು ಬೀಗ ಒಡೆಯುವವರು. ಹೆಣ್ಣು ಒಂದು ಪೆಟ್ಟಿಗೆ ಎಂಬಲ್ಲಿ ಇಬ್ಬರಿಗೂ ಅನುಮಾನವಿಲ್ಲ. ಚೀಟಿಗೆ ಸಹಿ ಹಾಕಿದ ಮಕ್ಕಳು ಏನಾದರೆಂದು ಬೇರ್‌ಮನ್ ಮತ್ತು ಬ್ರೂಕ್ನರ್ ಎಂಬ ಸಮಾಜವಿಜ್ಞಾನಿಗಳು ಪರಿಶೀಲಿಸಿ 2001ರಲ್ಲಿ ಬರೆದರು. ಕೆಲವರು ತಡ ಮಾಡಿದ್ದು ನಿಜ. ಆದರೆ ಮಾತು ಮುರಿದಾಗ, ಸಹಿ ಹಾಕದವರಿಗಿಂತ ಇವರೇ ಗರ್ಭನಿರೋಧಕ ಬಳಸಿದ್ದು ಕಡಿಮೆ. ಸಹಜವೇ. ಕೊಡೆ ತೆಗೆದುಕೊಂಡು ಹೊರಟರೆ ಮಳೆ ಬರುತ್ತದೆಂದು ಮೊದಲೇ ಗೊತ್ತಿತ್ತು ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ!

ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ಚಿತ್ರದಲ್ಲಿ ಒಬ್ಬ ಅಪ್ಪನಿದ್ದಾನೆ. ಮಗನಿಗೆ ತಿಳಿವಳಿಕೆ ಹೇಳಲು ಬಂದು ತಡವರಿಸುತ್ತಾನೆ, ಬೆವರುತ್ತಾನೆ, ಆದರೂ ಕೂತು ಮಾತಾಡುತ್ತಾನೆ. ಅವನನ್ನು ನೋಡಿ ನನಗೆ ನಾಚಿಕೆಯಾಯಿತು. ನನ್ನ ಮಗಳು ಹಾಸ್ಟೆಲಿಗೆ ಹೊರಟಾಗ ಬಸ್‌ಸ್ಟ್ಯಾಂಡಿನಲ್ಲಿ ನಾನು ಹೇಳಿದ್ದು "ಹುಷಾರು ಕಣೇ" ಎಂಬ ಎರಡೇ ಪದ. ಯಾತರಿಂದ ಹುಷಾರು? ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಉಪ್ಪಿನಕಾಯಿ ಭರಣಿ ಸೋರದಂತೆ ಕಟ್ಟುವುದನ್ನು ಮಾತ್ರ ವಿವರವಾಗಿ ಹೇಳಿದ್ದೆ.

ಇದೇ ಜಾತಿಯ ಚಿತ್ರವನ್ನು ಹೆಂಗಸೊಬ್ಬಳು ತೆಗೆದರೆ ಹೇಗಿರುತ್ತದೆಂಬುದಕ್ಕೂ ಸಾಕ್ಷಿಯಿದೆ. ಏಮಿ ಹೆಕರ್ಲಿಂಗ್ 1982ರಲ್ಲಿ 'ಫಾಸ್ಟ್ ಟೈಮ್ಸ್ ಅಟ್ ರಿಜ್‌ಮಾಂಟ್ ಹೈ' ತೆಗೆದಳು. ಅದೂ ತಮಾಷೆಯ ಚಿತ್ರವೇ. ಅದರಲ್ಲಿ ಒಬ್ಬ ಹುಡುಗಿ ಬಸಿರಾಗುತ್ತಾಳೆ. ಗರ್ಭಪಾತಕ್ಕೆ ಅರ್ಧ ದುಡ್ಡು ಕೊಡುತ್ತೇನೆ, ಕಾರಿನಲ್ಲಿ ಕರೆದೊಯ್ಯುತ್ತೇನೆ ಎಂದ ಹುಡುಗ ಆ ದಿನ ನಾಪತ್ತೆ. ಕೊನೆಗೆ ಅವಳ ಅಣ್ಣ ಸುಳಿವು ಹಿಡಿದು ಬಂದು ಆಸ್ಪತ್ರೆಯ ಹೊರಗೆ ಕಾಯುತ್ತಾನೆ. ಯಾರು ಎಂದು ಕೇಳುತ್ತಾನೆ, ಅವಳು ಹೇಳುವುದಿಲ್ಲ, ಅವನು ಅಲ್ಲಿಗೇ ಬಿಡುತ್ತಾನೆ. ಹೊಡೆತವಿಲ್ಲ, ಮನೆತನದ ಮಾನದ ಭಾಷಣವಿಲ್ಲ. ಹುಡುಗಿ ಸಾಯುವುದೂ ಇಲ್ಲ. ಮಾರನೆಯ ದಿನವೂ ಅವಳಿಗೊಂದು ಬದುಕಿದೆ. ನಮ್ಮ ಸಿನಿಮಾಗಳಲ್ಲಿ ಎಷ್ಟು ಮಂದಿ ತಂಗಿಯರು ಇದೇ ಕಾರಣಕ್ಕೆ ಬಾವಿಗೆ ಬಿದ್ದರೆಂದು ಎಣಿಸಲು ಹೋದರೆ ನನ್ನ ಬೆರಳು ಸಾಲವು.

ನಮ್ಮ ಕಡೆಯ ಲೆಕ್ಕವನ್ನೂ ನೋಡೋಣ. 2005ರಲ್ಲಿ ಪಕ್ಕದ ತಮಿಳುನಾಡಿನಲ್ಲಿ ನಟಿ ಖುಷ್ಬೂ, ವಿದ್ಯಾವಂತ ಗಂಡಸು ತಾನು ಮದುವೆಯಾಗುವವಳು ಕನ್ಯೆಯಾಗಿರಬೇಕೆಂದು ನಿರೀಕ್ಷಿಸಬಾರದು, ಹುಡುಗಿಯರು ಬಸಿರು ಮತ್ತು ರೋಗದ ಬಗ್ಗೆ ಎಚ್ಚರ ವಹಿಸಬೇಕು ಎಂಬ ಅರ್ಥದ ಮಾತಾಡಿದರು. ಅಷ್ಟಕ್ಕೇ 23 ಮೊಕದ್ದಮೆ! ಸುಪ್ರೀಂ ಕೋರ್ಟು ಅವನ್ನೆಲ್ಲ ವಜಾ ಮಾಡುವಾಗ 2010 ಬಂದಿತ್ತು. ನಾಲ್ಕು ಹುಡುಗರು ಶಪಥ ಮಾಡಿದರೆ ಹಾಸ್ಯ, ಒಬ್ಬ ಹೆಂಗಸು ಬುದ್ಧಿಮಾತು ಹೇಳಿದರೆ ಐದು ವರ್ಷ ಕೋರ್ಟು. 'ಕನ್ಯತ್ವ' ಎಂಬುದು ವೈದ್ಯಶಾಸ್ತ್ರದ ಶಬ್ದವೇ ಅಲ್ಲ, ಪರೀಕ್ಷೆ ಮಾಡಿ ತಿಳಿಯುವಂಥದ್ದೂ ಅಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಾರಿ ಹೇಳಿತು. ಇಲ್ಲದ ವಸ್ತು ಕಳೆದುಹೋಯಿತೆಂದು ಎಷ್ಟು ಹೆಣ್ಣುಮಕ್ಕಳ ಮೇಲೆ ಕಳ್ಳತನದ ಆರೋಪ!

"ಎಲ್ಲಾದನ್ನೂ ಇಷ್ಟು ಸೀರಿಯಸ್ಸಾಗಿ ತಗೋಬೇಡಿ ದೊಡ್ಡಮ್ಮ" ಎಂದಳು ತಂಗಿಯ ಮಗಳು. ಅವಳಿಗೆ ನಾನು ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

2007ರಲ್ಲಿ ಕ್ಯಾಮೆರಾ ಇರುವ ಮೊಬೈಲು ನಮ್ಮ ಊರಿಗೆ ಆಗಷ್ಟೇ ಬರತೊಡಗಿತ್ತು. ಶಾಲೆಗಳಿಗೆ ಲೈಂಗಿಕ ಶಿಕ್ಷಣ ಬೇಡವೆಂದು ನಮ್ಮ ರಾಜ್ಯವೂ ಸೇರಿ ಹಲವು ರಾಜ್ಯಗಳು ಹಠ ಹಿಡಿದದ್ದೂ ಅದೇ ವರ್ಷ. ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳ ಚಿತ್ರ ಹುಡುಗರ ಮೊಬೈಲುಗಳಲ್ಲಿ ಓಡಾಡಿತು. ತೆಗೆದವನು ಅವಳು ನಂಬಿದ್ದ ಹುಡುಗ. ಇವತ್ತಾದರೆ ಹೆಣ್ಣಿನ ಅಂಥ ಚಿತ್ರ ಒಪ್ಪಿಗೆಯಿಲ್ಲದೆ ತೆಗೆಯುವುದೂ ಹಂಚುವುದೂ ಜೈಲಿಗೆ ಹೋಗುವ ಅಪರಾಧ, ಐ.ಪಿ.ಸಿ.ಗೆ ಆ ಕಲಮು ಸೇರಿದ್ದು 2013ರಲ್ಲಿ. ಅವತ್ತು ನಮ್ಮ ಸ್ಟಾಫ್ ಮೀಟಿಂಗಿನಲ್ಲಿ ಚಹಾ ಬಂತು, ಬಿಸ್ಕತ್ತು ಬಂತು. "ವಯಸ್ಸಿನ ಹುಡುಗಾಟ, ಹುಡುಗನ ಭವಿಷ್ಯ ಹಾಳಾಗಬಾರದು" ಎಂದರು ಹಿರಿಯರೊಬ್ಬರು. ಯಾರೋ ಒಬ್ಬರು ನಕ್ಕರು. ಹುಡುಗಿಯ ಭವಿಷ್ಯದ ಮಾತನ್ನು ಯಾರೂ ಎತ್ತಲಿಲ್ಲ. ಅಲ್ಲಿ ನಾವು ಮೂವರು ಹೆಂಗಸರಿದ್ದೆವು. ಮೂವರೂ ಬಿಸ್ಕತ್ತು ತಿಂದೆವು.

ಪರೀಕ್ಷೆಗೆ ಹದಿನೈದು ದಿನ ಇತ್ತು. ಹುಡುಗ ಬರೆದ, ಪಾಸಾದ. ಹುಡುಗಿಯ ಅಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಟಿ.ಸಿ. ಕೇಳಲು ಬಂದರು. ಗಂಡು ನೋಡಿ ಆಗಿದೆ ಎಂದರು. ಆ ತರಗತಿಯ ಉಸ್ತುವಾರಿ ನನ್ನದು, ಹಾಗಾಗಿ ಅರ್ಜಿ ನನ್ನ ಮೇಜಿಗೆ ಬಂತು. ಅದರಲ್ಲಿ 'ಕಾಲೇಜು ಬಿಡಲು ಕಾರಣ' ಎಂದೊಂದು ಜಾಗವಿರುತ್ತದೆ. ಹುಡುಗಿ ಬಾಗಿಲ ಹೊರಗೆ ನಿಂತಿದ್ದಳು, ತಲೆ ಎತ್ತಲಿಲ್ಲ; ನಾನೂ ಎತ್ತಲಿಲ್ಲ. 'ಕೌಟುಂಬಿಕ ಕಾರಣ' ಎಂದು ಬರೆದು ಸಹಿ ಹಾಕಿದೆ. ಅಕ್ಷರ ಮುತ್ತಿನ ಹಾಗಿದೆ ಮೇಡಂ ಎಂದರು ಗುಮಾಸ್ತರು.