ಚೀಟಿ ಎತ್ತುವ ಯಂತ್ರಕ್ಕೂ ಪರೀಕ್ಷೆ ಬೇಕು

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಸ್ಥಾನಗಳಿಗಿಂತ ಅರ್ಜಿಗಳು ಹೆಚ್ಚಾದರೆ, ಪಾಲಕರೆದುರು ಗಡಿಗೆಯಲ್ಲಿ ಚೀಟಿ ಹಾಕಿ ಎಳೆಯ ಮಗುವಿನಿಂದ ಎತ್ತಿಸುತ್ತಿದ್ದೆವು. ಹೆಸರು ಬಾರದವರೂ ಸಮಾಧಾನದಿಂದ ಮರಳುತ್ತಿದ್ದರು. ಈಗ ಮಹಾರಾಷ್ಟ್ರದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ ಮೇರೆಗೆ ಖಾಸಗಿ ಶಾಲೆಗಳಲ್ಲಿ ಮೀಸಲಾದ ಶೇಕಡಾ 25 ಸ್ಥಾನಗಳಿಗೆ ಗಣಕಯಂತ್ರವೇ ಲಾಟರಿ ಎತ್ತುತ್ತದೆ. ನಮ್ಮ ಅಕ್ಕಲಕೋಟೆ ಸೀಮೆಯ ಕನ್ನಡ ಮನೆಗಳ ಮಕ್ಕಳೂ ಆ ಸಾಲಿನಲ್ಲಿದ್ದಾರೆ. (ಅವರು ನಮ್ಮ ಶಾಲೆಗೇ ಬರಲೆಂಬ ಆಸೆ ನನ್ನದು, ಅದು ಬೇರೆ ಮಾತು.) ಪ್ರತಿ ಸಲವೂ ಬೇರೆ ಉತ್ತರ ಕೊಡುವ ತಂತ್ರಾಂಶವನ್ನು ಪರೀಕ್ಷಿಸಲಾಗದು, ಯಂತ್ರ ಎತ್ತಿದ್ದನ್ನು ಒಪ್ಪಿಕೊಳ್ಳಬೇಕು ಎನ್ನುವವರಿದ್ದಾರೆ. ಗಣಿತ ಕಲಿಸಿದ ನಾನು ಇದನ್ನು ಒಪ್ಪಲಾರೆ.

ಮೂವರು ಮಕ್ಕಳು, ಒಂದೇ ಸ್ಥಾನ ಎಂದಿಟ್ಟುಕೊಳ್ಳಿ. ಹೆಸರುಗಳನ್ನು ಕಲೆಸುವ ಫಂಕ್ಷನ್ ಪಟ್ಟಿಯ ಮೊದಲ, ಎರಡನೆಯ, ಮೂರನೆಯ ಜಾಗಗಳನ್ನು ಸರದಿಯಂತೆ ಹಿಡಿದು, ಪ್ರತಿಯೊಂದನ್ನೂ ಮೂರರಲ್ಲಿ ಯಾವುದಾದರೊಂದು ಜಾಗದೊಡನೆ ಅದಲುಬದಲು ಮಾಡುತ್ತದೆ. ಮೇಲ್ನೋಟಕ್ಕೆ ನ್ಯಾಯವೇ. ಆದರೆ ಅದಲುಬದಲಿನ ದಾರಿಗಳು 3×3×3, ಅಂದರೆ 27. ಮೂವರನ್ನು ಸಾಲಾಗಿ ನಿಲ್ಲಿಸುವ ಕ್ರಮಗಳು 6. 27ನ್ನು 6 ನಿಶ್ಶೇಷವಾಗಿ ಭಾಗಿಸದು. ಪಕ್ಷಪಾತ ನುಸುಳುವುದು ಅಲ್ಲಿಯೇ. ನಾನು ಹಾಳೆಯ ಮೇಲೆ ಬರೆದು ಎಣಿಸಿದೆ. ಮೊದಲ ಹೆಸರಿನ ಮಗುವಿಗೆ ಸ್ಥಾನ ದೊರೆಯುವುದು 9 ದಾರಿಗಳಲ್ಲಿ, ಎರಡನೆಯದಕ್ಕೆ 10ರಲ್ಲಿ, ಮೂರನೆಯದಕ್ಕೆ ಕೇವಲ 8ರಲ್ಲಿ. ಒಂದು ಜಾಗ ತುಂಬಿದ ಬಳಿಕ ಉಳಿದವುಗಳಲ್ಲಿ ಮಾತ್ರ ಆರಿಸುತ್ತ ಹೋದರೆ ದಾರಿಗಳೂ ಆರೇ ಆಗಿ ದೋಷ ನೀಗುತ್ತದೆ.

ಒಂದು ಸಲ ಓಡಿಸಿದರೆ ಇದು ಯಾರ ಕಣ್ಣಿಗೂ ಬೀಳದು. 27,000 ಸಲ ಓಡಿಸಿ ಎಣಿಸಬೇಕು. ನಿಷ್ಪಕ್ಷಪಾತವಾದ ಫಂಕ್ಷನ್ನಿನಲ್ಲಿ ಪ್ರತಿ ಹೆಸರೂ 9,000ದ ಆಸುಪಾಸಿನಲ್ಲಿ ಬರುತ್ತದೆ. ನೂರಿನ್ನೂರರ ಏರಿಳಿತ ಸಹಜ. ಒಂದು ಹೆಸರು 8,000ಕ್ಕೆ ನಿಂತರೆ ಅದನ್ನು ದೈವದ ಮೇಲೆ ಹಾಕಬಾರದು.

ಇನ್ನೊಂದು ಸಂಗತಿಯಿದೆ. ಯಂತ್ರದ ಯಾದೃಚ್ಛಿಕ ಸಂಖ್ಯೆಗಳು ಸಾಮಾನ್ಯವಾಗಿ ಒಂದು ಬೀಜಸಂಖ್ಯೆಯಿಂದ ಲೆಕ್ಕ ಹಾಕಿ ಹುಟ್ಟಿಸಿದವು. ಅದೇ ತಂತ್ರಾಂಶಕ್ಕೆ ಅದೇ ಬೀಜವನ್ನು ಕೊಟ್ಟರೆ ಅದೇ ಸಾಲು ಮರಳಿ ಬರುತ್ತದೆ. ಆದಕಾರಣ ತಂತ್ರಾಂಶ, ಅರ್ಜಿದಾರರ ಪಟ್ಟಿ, ಬೀಜಸಂಖ್ಯೆ ಈ ಮೂರೂ ಬಹಿರಂಗವಾಗಿದ್ದರೆ ಯಾವ ಪಾಲಕನಾದರೂ ತಿಳಿದವರಿಂದ ಲಾಟರಿಯನ್ನು ಪುನಃ ಎತ್ತಿಸಿ ತಾಳೆ ನೋಡಬಹುದು.

ಎಣಿಕೆಯ ಪರೀಕ್ಷೆಯ ಫಲ ಮೊದಲೇ ಪ್ರಕಟವಾಗಲಿ. ಬೀಜವನ್ನು ಮಾತ್ರ ಮೊದಲೇ ಗೊತ್ತುಮಾಡಬಾರದು. ಬೇಕಾದ ಹೆಸರು ಬರುವವರೆಗೆ ಬೀಜ ಬದಲಿಸುವ ಜಾಣರೂ ಇರುತ್ತಾರೆ. ಪಟ್ಟಿ ಮುಚ್ಚಿದ ಮೇಲೆ ಅದರ ಅಂಕಿಗಳನ್ನು ಎಲ್ಲರೆದುರು ಒಂದು ಮಗುವಿನಿಂದ ಎತ್ತಿಸಲಿ. ಅದಕ್ಕೆ ನಮ್ಮ ಹಳೆಯ ಗಡಿಗೆಯೇ ಸಾಕು. ಶಾಲೆಯ ಉಗ್ರಾಣದಲ್ಲಿ ಹುಡುಕಿದರೆ ಸಿಕ್ಕೀತು.