ಒಡೆಯನಿಲ್ಲದ ಬಲೆಗಳು

ಅಮ್ಮಿನಬಾವಿಯವರಾದ ನಮಗೆ ಕಡಲು ದೂರ. ನಮ್ಮೂರಿನ ಜಲಶುದ್ಧೀಕರಣ ಕೇಂದ್ರಕ್ಕೆ ಬರುವದು ಮಲಪ್ರಭೆಯ ನೀರು. ಆದರೂ ಕಾರವಾರದ ಕಡೆಯ ಮೀನು ಧಾರವಾಡದ ಪೇಟೆಗೆ ಬರುತ್ತಿರುವಾಗ, ಅದನ್ನು ಹಿಡಿಯುವ ಬಲೆಯ ಗತಿಯೇನೆಂದು ನಾವು ವಿಚಾರಿಸುವದು ಯೋಗ್ಯವೇ.

ಪೂರ್ವದಲ್ಲಿ ಬಲೆಗಳು ಹತ್ತಿಯ ನೂಲಿನವೂ ಸೆಣಬಿನವೂ ಆಗಿದ್ದವು. ಕಡಲಲ್ಲಿ ಕಳೆದರೆ ಕೆಲಕಾಲದಲ್ಲಿ ಕೊಳೆತುಹೋಗುತ್ತಿದ್ದವು. ಈಗಿನ ನೈಲಾನ್ ಬಲೆಯು ಹಾಗೆ ಕೊಳೆಯದು. ಬಂಡೆಗೆ ಸಿಕ್ಕಿಯೋ ಬಿರುಗಾಳಿಗೆ ಹರಿದೋ ಹೋದ ಮೇಲೆಯೂ ಅದು ಮೀನನ್ನೂ ಏಡಿಯನ್ನೂ ಕಡಲಾಮೆಯನ್ನೂ ಹಿಡಿಯುತ್ತಲೇ ಇರುವದು. ಉಣ್ಣುವವರು ಮಾತ್ರ ಯಾರೂ ಇಲ್ಲ. ಸತ್ತ ಮೀನಿನ ವಾಸನೆಗೆ ಮತ್ತೊಂದು ಜೀವಿ ಬರುವದು, ಅದೂ ಸಿಕ್ಕುವದು.

ಇದಕ್ಕಾಗಿ ಮೀನುಗಾರರನ್ನು ನಿಂದಿಸುವವರುಂಟು. ನಾವು ಒಪ್ಪೆವು. ಸಾಲಮಾಡಿ ಕೊಂಡ ಬಲೆಯನ್ನು ಯಾವನು ಬೇಕೆಂದು ಬಿಟ್ಟುಬರುವನು? ದಂಡದ ಭಯವಿದ್ದರೆ ಅವನು ಬಾಯಿ ಬಿಡಲಾರನು; ಸ್ಥಳ ತಿಳಿಯದಿದ್ದರೆ ಮುಳುಗುಗಾರನು ಎಲ್ಲಿಯೆಂದು ಹುಡುಕಿಯಾನು? ಬಲೆಗೆ ಒಡೆಯನ ಗುರುತಿರಬೇಕು, ಕಳೆದುದನ್ನು ತಿಳಿಸಬೇಕು ಎಂಬ ಸೂತ್ರಗಳಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮೀನುಗಾರಿಕಾ ಸಮಿತಿಯು 2018ರಲ್ಲಿ ಸಮ್ಮತಿಸಿತು. ಅವು ಐಚ್ಛಿಕವಾದವು; ಆದುದರಿಂದ ಗುರುತಿನ ಬಿಲ್ಲೆಯ ವೆಚ್ಚವನ್ನು ಸರಕಾರವೇ ಹೊರುವದು ಲೇಸು. ಬಡವನ ಮೇಲೆ ಅದನ್ನೂ ಹೇರಿದರೆ ಸೂತ್ರವು ಕಾಗದದಲ್ಲಿಯೇ ಉಳಿದೀತು.

ಕೇರಳದ ನೀಂಡಕರದಲ್ಲಿ 2017ರಲ್ಲಿ ಆರಂಭವಾದ ಏರ್ಪಾಡಿನಂತೆ ಮೀನುಗಾರರು ಬಲೆಗೆ ಬಂದ ಪ್ಲಾಸ್ಟಿಕ್ಕನ್ನು ಬಂದರಕ್ಕೆ ತಂದರು. ಅದನ್ನು ವಿಂಗಡಿಸಿ ತೊಳೆಯುವ ಕೆಲಸವು ಸ್ತ್ರೀಯರಿಗೆ ದೊರೆಯಿತು. ಮಲ್ಪೆಗೂ ಕಾರವಾರಕ್ಕೂ ಇಂಥದು ಬೇಕು. ಹರಿದ ಬಲೆಗೆ ತೂಕದ ಮೇಲೆ ಬೆಲೆ ಕೊಡಲಿ, ಬಲೆ ಕಳೆದ ಸ್ಥಳವನ್ನು ದಂಡವಿಲ್ಲದೆ ಬರೆದುಕೊಳ್ಳಲಿ. ಮಳೆಗಾಲದಲ್ಲಿ ದೋಣಿಗಳು ದಡದಲ್ಲಿರುವಾಗಲೇ ಬಿಲ್ಲೆಗಳನ್ನು ಕಟ್ಟಿಬಿಡಬಹುದು.